ಹೊಳೆಯ ದಂಡೆಯ ವಸ್ತಿ

ಸತ್ತವರು ಮತ್ತೆ ಕಾಣಿಸಿಕೊಳ್ಳುತ್ತಾರೆಂಬ ಮಾತನ್ನು ನಾನು ನಂಬಿದವನಲ್ಲ. ನಮ್ಮ ಕಡೆ ಇಂಥ ಕಥೆಗಳು ಬೇಕಾದಷ್ಟಿವೆ. ಆದರೆ ಹೇಳುವವರೆಲ್ಲ ಇನ್ನೊಬ್ಬರಿಂದ ಕೇಳಿದವರೇ. ಕಂಡವರು ಎದುರಿಗೆ ಕುಳಿತು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಯಾರಾದರೂ ಇಂಥ ಮಾತು ತೆಗೆದರೆ ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಇಂದಿಗೂ ನಂಬುತ್ತೇನೆಂದು ಹೇಳಲಾರೆ. ಹಾಗಿದ್ದ ಮೇಲೆ ಇದನ್ನು ಬರೆಯುವುದೇಕೆ ಎಂದು ಬಹಳ ದಿನ ಯೋಚಿಸಿದೆ. ಬರೆಯದೆ ಇಟ್ಟುಕೊಂಡದ್ದರಿಂದ ಅದೇನೂ ಹಗುರಾಗಲಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಓದುವವರು ತಮಗೆ ತೋಚಿದಂತೆ ತಿಳಿದುಕೊಳ್ಳಲಿ.

ಅದು ಯುದ್ಧದ ಕಾಲ. ರಾಯಚೂರಿನ ಅಬಕಾರಿ ಕಚೇರಿಯಲ್ಲಿ ನಾನೊಬ್ಬ ಸಣ್ಣ ಗುಮಾಸ್ತ. ಶಾಲೆಯಲ್ಲಿ ಓದಿದ್ದು ಉರ್ದು, ಕಚೇರಿಯಲ್ಲಿ ಬರೆದದ್ದೂ ಉರ್ದು. ಕನ್ನಡವನ್ನು ಓಣಿಯ ಅಯ್ಯನವರ ಪಡಸಾಲೆಯಲ್ಲಿ ಮರಳಿನ ಮೇಲೆ ಬೆರಳಿಟ್ಟು ಕಲಿತವನು. ಬರವಣಿಗೆ ಒರಟಾಗಿದ್ದರೆ ಅದಕ್ಕೆ ಇದೇ ಕಾರಣ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ನಾನು ತಿರುಗಾಟದಲ್ಲಿರುತ್ತಿದ್ದೆ. ಸಿರವಾರ, ಮಾನ್ವಿ, ದೇವದುರ್ಗದ ಕಡೆ ಹಳ್ಳಗಳ ಉದ್ದಕ್ಕೂ ಈಚಲ ಬನಗಳಿದ್ದವು. ಸೇಂದಿ ಇಳಿಸುವ ಗಿಡಗಳನ್ನು ಗುರುತಿಸಿ ಅವುಗಳಿಗೆ ನಂಬರು ಹಾಕಿಸುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮುಳ್ಳಿನಲ್ಲಿ ತಿರುಗಿ, ಹೊತ್ತು ಇಳಿದ ಮೇಲೆ ರಾತ್ರಿ ಎಲ್ಲಿ ತಂಗಬೇಕೆಂದು ನೋಡಿಕೊಳ್ಳಬೇಕು. ಅದಕ್ಕೆ ನಮ್ಮ ಕಡೆ ವಸ್ತಿ ಎನ್ನುತ್ತಾರೆ.

ನನ್ನ ಹೆಂಡತಿ ಶರಣಮ್ಮ ದೇವದುರ್ಗದವಳು. ನಮ್ಮ ಸಂಸಾರ ನಾಲ್ಕು ವರ್ಷದ್ದು. ಮಕ್ಕಳಿರಲಿಲ್ಲ. ದೇವದುರ್ಗ ಮತ್ತು ರಾಯಚೂರು ಬಿಟ್ಟರೆ ಅವಳು ಬೇರೆ ಊರು ಕಂಡವಳಲ್ಲ. ಆದರೆ ನನ್ನ ತಿರುಗಾಟದ ಒಂದೊಂದು ವಸ್ತಿಯೂ ಅವಳಿಗೆ ಗೊತ್ತಿತ್ತು. ನಾನು ಹೊರಡುವಾಗ ಬುತ್ತಿಯ ಗಂಟನ್ನು ಕೈಗೆ ಕೊಡುತ್ತ ತಪ್ಪದೆ ಕೇಳುತ್ತಿದ್ದಳು: "ವಸ್ತಿ ಎಲ್ಲಿರಿ?" ತಿರುಗಿ ಬಂದ ಮೇಲೆ ಅಲ್ಲಿಯ ನೀರು ಸಿಹಿಯೋ ಸವಳೋ, ನೆಲ ಸಾರಿಸಿತ್ತೋ ಇಲ್ಲವೋ, ಗಾಳಿ ಯಾವ ಕಡೆಯಿಂದ ಬರುತ್ತಿತ್ತು ಎಂದು ಕೇಳುವಳು. ಹೀಗೆ ಕೇಳಿ ಕೇಳಿ, ಹೋಗದ ಊರುಗಳನ್ನು ಅವಳು ತನ್ನೊಳಗೆ ಕಟ್ಟಿಕೊಂಡಿದ್ದಳು.

ಒಮ್ಮೆ ಅವಳನ್ನು ಕರೆದುಕೊಂಡು ಹೋಗುವೆನೆಂದು ಮಾತು ಕೊಟ್ಟಿದ್ದೆ. ಬಾಡಿಗೆಯ ಗಾಡಿ ಮಾಡಿಕೊಂಡು, ಮೊದಲು ಬನಗಳನ್ನು ನೋಡಿ, ಆಮೇಲೆ ಚೀಕಲಪರ್ವಿಗೆ ಹೋಗಿ ತುಂಗಭದ್ರೆಯನ್ನು ನೋಡಿ ಬರುವುದು. ಮೂರು ದಿನದ ಪ್ರಯಾಣ. ಹೋಗುವುದು ಯಾವಾಗ ಎಂಬುದು ಗೊತ್ತಾಗಿರಲಿಲ್ಲ. ಆದರೆ ವಸ್ತಿ ಎಲ್ಲಿ ಮಾಡಬೇಕೆಂಬ ಜಗಳ ಮಾತ್ರ ನಾಲ್ಕು ವರ್ಷವೂ ನಡೆಯಿತು.

"ಬನದಾಗ ಗುತ್ತೇದಾರನ ಹಂಚಿನ ಮನಿ ಅದ. ಮಂಚ ಅದ, ಸೊಳ್ಳಿಪರದಿ ಅದ," ಎಂದು ನಾನು ಹೇಳಿದರೆ ಅವಳು ಮೂಗು ಮುರಿಯುವಳು.

"ಬೆಳತನಕ ಸೇಂದಿ ವಾಸನಿ ಕುಡಕೊಂತ ಮಲಗಬೇಕೇನ್ರಿ? ನನಗ ಹೊಳಿ ದಂಡಿ ಬೇಕು."

"ಅಲ್ಲಿ ಅಂಬಿಗರ ಮುದುಕಿ ಮನಿ ಕಟ್ಟಿ ಅದ, ಅಷ್ಟ. ಮ್ಯಾಲ ಒಂದು ಹುಲ್ಲಿನ ಚಪ್ಪರ."

"ಗಾಳಿ ಭಾಳ ಬರತದ ಅಂದಿದ್ರಲ್ಲ?"

"ಗಾಳಿ ಏನು, ನಿನ್ನ ಸೆರಗು ಹಾರಿಸಿಕೊಂಡು ಹೋಗತದ."

"ಹೋಗಲಿ ಬಿಡ್ರಿ. ಹಿಂದಿಂದ ನೀವು ಓಡ್ರಿ."

ಆ ಕಟ್ಟೆಯ ಮೇಲೆ ನಾನೂ ಮಲಗಿದವನಲ್ಲ. ಒಂದು ಮಧ್ಯಾಹ್ನ ಹೊಳೆಯ ಕಡೆ ಹೋದಾಗ ದಾರಿಯಲ್ಲಿ ನಿಂತು ನೀರು ಕೇಳಿ ಕುಡಿದಿದ್ದೆ, ಅಷ್ಟೆ. ಅದನ್ನೇ ಅವಳಿಗೆ ಹೇಳಿದ್ದು. ಅವಳು ಅದನ್ನು ಹಿಡಿದುಕೊಂಡಳು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದಾಗ ಒಂದು ಒಡಪು ಕಟ್ಟಿ ಅದರೊಳಗೆ ಹೆಸರನ್ನು ಸೇರಿಸಿ ಹೇಳುತ್ತಾರೆ. ಮದುವೆಯ ದಿನ ದೇವದುರ್ಗದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಶರಣಮ್ಮನಿಗೆ ಹೆಸರು ಹೇಳೆಂದು ಗಂಟುಬಿದ್ದರು. ಅವಳ ಸೋದರತ್ತೆ ಒಂದು ಒಡಪು ಕಲಿಸಿದ್ದಳಂತೆ: "ಹೊಳಿ ದಂಡಿ ಮ್ಯಾಲ ಮಲ್ಲಿಗಿ ಬನ, ಇಂಥವರ ಜೋಡಿ ಕೂಡ್ಯಾದ ನನ್ನ ಮನ." ಆದರೆ ಎರಡು ದಿನದಿಂದ ಆ ಮನೆಯಲ್ಲಿ, ಅಳಿಯ ಸೇಂದಿ ಕಚೇರಿಯವನು, ಅಳಿಯ ಈಚಲ ಬನ ತಿರುಗುವವನು ಎಂದು ಅದೇ ಮಾತು. ಹುಡುಗಿ ಹೆದರಿಕೆಯಲ್ಲಿ "ಹೊಳಿ ದಂಡಿ ಮ್ಯಾಲ ಈಚಲ ಬನ" ಎಂದುಬಿಟ್ಟಳು. ಒಳಗಿದ್ದ ಹೆಂಗಸರೆಲ್ಲ ನಕ್ಕು ಬಿದ್ದರು. ಸೋದರತ್ತೆ, "ಏ ಹುಚ್ಚಿ, ಮೊದಲ ದಿನನ ಗಂಡನ್ನ ಸೇಂದಿ ಗಿಡದ ಬುಡಕ್ಕ ಕಟ್ಟಿದೆಲ್ಲ ಬೇ" ಎಂದಳು. ನಾನು ಹೊಸ್ತಿಲ ಹೊರಗೆ ಬಾಸಿಂಗ ಕಟ್ಟಿಕೊಂಡು ನಿಂತಿದ್ದೆ. ಆ ಮೇಲೆ ಅವಳು ಬೇರೆ ಒಡಪು ಕಲಿಯಲೇ ಇಲ್ಲ. ನಾನು ಚೇಷ್ಟೆಗೆ ಕೇಳಿದಾಗ ಆ ತಪ್ಪನ್ನೇ ಹಾಗೆಯೇ ಹೇಳುತ್ತಿದ್ದಳು.

ಅವಳು ತೀರಿಕೊಂಡ ಸಲ ನಾನು ಮಾನ್ವಿಯ ಕಡೆ ಹೊರಟಿದ್ದೆ. ಅವಳಿಗೆ ಎರಡು ದಿನದಿಂದ ಮೈ ಬೆಚ್ಚಗಿತ್ತು. ಹೋಗಲೋ ಬೇಡವೋ ಎಂದು ನಿಂತೆ. ಅವಳೇ ಹೋಗಿ ಬನ್ನಿರೆಂದಳು. ಬುತ್ತಿ ಕೊಡುವಾಗ, "ಈ ಸಲ ಹೊಳಿ ದಂಡಿಗೇ ವಸ್ತಿ ಮಾಡ್ರಿ. ಹೆಂಗದ ಅಂತ ನೋಡಿ ಬಂದು ಹೇಳ್ರಿ. ಏನರ ಬೇಕಾದ್ರ ಅಮರಪ್ಪನ್ನ ಅಲ್ಲಿಗೇ ಕಳಸತೀನಿ" ಎಂದಳು. ಅಮರಪ್ಪ ಅವಳ ತಮ್ಮ. ರಾಯಚೂರಿನಲ್ಲೇ ಹತ್ತಿಯ ಗಿರಣಿಯಲ್ಲಿ ಕೆಲಸಕ್ಕಿದ್ದ. ನಾನು ಆಗಲೆಂದೆ.

ಇದ್ದಿಲು ಉರಿಸಿ ಓಡಿಸುವ ಬಸ್ಸು ಆಗಿನದು. ಮಾನ್ವಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಅಲ್ಲಿಂದ ಗಾಡಿಯಲ್ಲಿ ಬನಕ್ಕೆ ಹೋಗಿ ಕೆಲಸ ಶುರುಮಾಡಿದೆ. ಸಂಜೆ ಹೊಳೆಯ ದಾರಿ ಹಿಡಿಯಬೇಕು. ಎರಡು ಹರದಾರಿ ನಡೆಯುವುದು. ಗುತ್ತೇದಾರನ ಮನುಷ್ಯ ಬಿಡಲಿಲ್ಲ. ಆಗಷ್ಟೇ ಇಳಿಸಿದ ಗಡಿಗೆಯನ್ನು ತಂದು ಮುಂದಿಟ್ಟ. ಕಾಲು ಸೋತಿದ್ದವು. ಕುಡಿಯದವನಲ್ಲ ನಾನು. ಆದರೆ ಮನೆಯಲ್ಲಿ ಹೇಳಿದವನೂ ಅಲ್ಲ. ಕುಡಿದೆ. ಅಲ್ಲೇ ಮಂಚದ ಮೇಲೆ ಮಲಗಿದೆ. ಮರುದಿನ ಅಲ್ಲಿಂದಲೇ ಮುಂದಿನ ಬನಕ್ಕೆ, ಆಮೇಲೆ ಬಾಗಲವಾಡದ ಕಡೆಗೆ ಹೋದೆ. ಮೂರನೆಯ ದಿನ ಸಂಜೆ ಮನೆಗೆ ಬಂದರೆ ಹೊಸ್ತಿಲಲ್ಲಿ ಓಣಿಯ ಹೆಂಗಸರು ಕುಳಿತಿದ್ದರು.

ನಾನು ಹೊರಟ ದಿನವೇ ನಡುಹಗಲಲ್ಲಿ ಜ್ವರ ತಲೆಗೇರಿತ್ತಂತೆ. ಅಮರಪ್ಪ ಸೈಕಲ್ ತೆಗೆದುಕೊಂಡು ನನ್ನನ್ನು ಕರೆತರಲು ಹೊರಟ. ಮಾನ್ವಿ ಮುಟ್ಟುವಾಗ ಕತ್ತಲಾಗಿತ್ತು. ಅಲ್ಲೇ ಉಳಿದು ಬೆಳಗ್ಗೆ ಚೀಕಲಪರ್ವಿಗೆ ಹೋಗಿ, ಅಂಬಿಗರ ಮುದುಕಿಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ನನಗಾಗಿ ಕಾದ. ಬನದ ಗುತ್ತೇದಾರನ ಮನೆ ಅವನು ಬಂದ ದಾರಿಯ ಬಗಲಿಗೇ ಇತ್ತು. ನಾನು ಅಲ್ಲಿರಬಹುದೆಂದು ಅವನಿಗೆ ಹೊಳೆಯಲಿಲ್ಲ. ಅಕ್ಕ ಹೊಳೆಯ ದಂಡೆ ಎಂದು ಹೇಳಿದ್ದಳಲ್ಲ. ಅವನು ಮನೆಯಿಂದ ಹೊರಟ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ ಶರಣಮ್ಮ ಹೋಗಿಬಿಟ್ಟಿದ್ದಳು. ಅವನು ತಿರುಗಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಅವನಿಗೂ ಅಕ್ಕನ ಮುಖ ಸಿಗಲಿಲ್ಲ.

ಅಮರಪ್ಪ ನನಗೆ ಬಿರುಸಾಗಿ ಒಂದು ಮಾತೂ ಆಡಲಿಲ್ಲ. ಒಂದೇ ಪ್ರಶ್ನೆ ಕೇಳಿದ. "ಮಾಮಾ, ವಸ್ತಿ ಎಲ್ಲಿತ್ತು?" ನಾನು ಹೇಳಿದೆ. ಅವನು ತಲೆಯಾಡಿಸಿ ಹೊರಗೆ ಹೋದ. ಆಮೇಲೆ ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು.

ಒಂದು ವರ್ಷ ನಾನು ಮಾನ್ವಿಯ ಕಡೆಯ ತಿರುಗಾಟ ತಪ್ಪಿಸಿಕೊಂಡೆ. ದೇವದುರ್ಗಕ್ಕೂ ಹೋಗಲಿಲ್ಲ. ಸಹೋದ್ಯೋಗಿಗಳು ಸಹಾನುಭೂತಿಯಿಂದ ತಾವೇ ಹೋಗಿಬಂದರು. ಮರುವರ್ಷ ಯಾರೂ ಇರಲಿಲ್ಲ, ನಾನೇ ಹೋಗಬೇಕಾಯಿತು. ಅದೇ ಬನ, ಅದೇ ಹಳ್ಳ. ನಾನು ನಂಬರು ಹಾಕಿಸಿದ ಗಿಡಗಳ ಮೇಲೆ ಬಣ್ಣ ಮಾಸಿತ್ತು. ಮಧ್ಯಾಹ್ನ ಇಳಿಯುತ್ತಲೇ ಗುತ್ತೇದಾರನ ಮನುಷ್ಯ ನಗುತ್ತ ಬಂದ. ಅವನಿಗೆ ನನ್ನ ಮನೆಯ ಸುದ್ದಿ ತಿಳಿದಿರಲಿಲ್ಲ.

"ಬರ್ರಿ ಸಾಹೇಬ್ರ. ಹ್ವಾದ ವರ್ಸದಿಂದ ಮಂಚ ನಿಮ್ಮನ್ನ ಕೇಳಾಕತ್ತದ."

"ಇವತ್ತ ವಸ್ತಿ ಹೊಳಿ ದಂಡಿಗೆ," ಎಂದೆ.

"ಅಲ್ಲೇನದರೀ? ಮುದುಕಿ ಬೈಗಳಾ, ಮೀನಿನ ವಾಸನಿ."

ಅವನ ಕೈಯಿಂದ ಚೀಲ ಬಿಡಿಸಿಕೊಂಡು ನಡೆದೆ. ಒಂದು ವರ್ಷ ತಡವಾಗಿ ಅಲ್ಲಿಗೆ ಹೋಗಿ ಏನು ಮಾಡುತ್ತೇನೆಂದು ನನಗೂ ತಿಳಿದಿರಲಿಲ್ಲ. ಅವಳು ನೋಡಿ ಬಂದು ಹೇಳಿರೆಂದಿದ್ದಳು. ನೋಡುವುದಾದರೂ ಆಗಲಿ, ಅಷ್ಟೇ ಮನಸ್ಸಿನಲ್ಲಿದ್ದದ್ದು.

ಚೀಕಲಪರ್ವಿ ಮುಟ್ಟಿದಾಗ ಹೊತ್ತು ಮುಳುಗಿತ್ತು, ಆದರೆ ಬೆಳಕು ಇನ್ನೂ ನೀರಿನ ಮೇಲಿತ್ತು. ಮುದುಕಿಯ ಮನೆ ಊರಿನ ಹೊರಗೆ, ದಂಡೆಯ ಮೇಲೆ. ಅವಳ ಹೆಸರು ಹುಸೇನವ್ವ. ಮಗ ಹರಗೋಲು ಹಾಕುತ್ತಿದ್ದ. ಮಗುಚಿಟ್ಟ ಹರಗೋಲು ಅಂಗಳದಲ್ಲೇ ಇತ್ತು. ಅವಳು ಚಿಮಣಿಯ ಗಾಜು ಒರೆಸುತ್ತ ಕುಳಿತಿದ್ದಳು.

"ಹರಗೋಲ ಬಿಡೂ ಹೊತ್ತು ಮುಗದದಪಾ. ಈಗ ಬಂದು ದಾಟಸು ಅಂದ್ರ ನಾ ಏನು ಈಸು ಬಿದ್ದು ಹೊತಗೊಂಡು ಹೋಗ್ಲ್ಯಾ?" ಎಂದಳು ನನ್ನ ಮುಖ ನೋಡದೆ.

"ದಾಟೂದಿಲ್ಲವ್ವಾ. ವಸ್ತಿ ಬೇಕಾಗಿತ್ತು."

"ಕಟ್ಟಿ ಅದ, ಗಾಳಿ ಅದ. ಹೊಚಗೊಳ್ಳಾಕ ಕೇಳಬ್ಯಾಡ. ಯಾವೂರು? ಯಾರು?"

ನಾನು ಊರು ಹೇಳಿದೆ, ಕಚೇರಿ ಹೇಳಿದೆ, ಹೆಸರು ಹೇಳಿದೆ. ಹೆಸರು ಕೇಳಿದ ಮೇಲೆ ಅವಳು ಗಾಜನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಆಮೇಲೆ ಒಂದು ಥರ ನಕ್ಕಳು.

"ನೀವೇನ್ರಿ ಯಪ್ಪಾ, ಈಚಲ ಬನದಾವರು? ಈಗ ಬಂದ್ರ್ಯಾ? ನಿಮ್ಮ ಮನ್ಯಾಕಿ ಬಂದು ಹೋಗಿ ವರ್ಸ ಆತಲ್ರೀ."

ನಾನು ಕಟ್ಟೆಯ ಮೇಲೆ ಕುಳಿತೆ. ಯಾರು ಬಂದಿದ್ದರೆಂದು ಕೇಳಿದೆನೋ ಇಲ್ಲವೋ ನೆನಪಿಲ್ಲ. ಅವಳು ಚಿಮಣಿ ಹಚ್ಚುತ್ತ ತಾನೇ ಹೇಳಿದಳು. ಅವಳಾಡಿದಂತೆಯೇ ಬರೆಯುತ್ತೇನೆ.

"ಇದ ಹೊತ್ತು, ಹಿಂಗ ದೀಪ ಹಚ್ಚಾಕತ್ತಿದ್ದೆ. ತಲಿಮ್ಯಾಲ ಸೆರಗು ಹೊತ್ತು ಒಬ್ಬಾಕಿ ಬಂದು ನಿಂತ್ಲು. ವಯಸ್ಸು ಸಣ್ಣದು. ನಮ್ಮವರು ಇಲ್ಲಿ ವಸ್ತಿಗೆ ಬಂದಾರೇನಬೇ ಅಂತ ಕೇಳಿದ್ಲು. ಯಾರವ್ವ ನಿಮ್ಮವರು ಅಂದೆ. ಸೇಂದಿ ಕಚೇರಿಯವರು ಅಂದ್ಲು. ಹೆಸರು ಹೇಳ ತಂಗಿ, ನನ್ನ ಕಟ್ಟಿಮ್ಯಾಲ ನೂರು ಮಂದಿ ಮಲಗಿ ಹೋಗತಾರ ಅಂದೆ. ನಾಚಿಕೊಂಡು ನಿಂತ್ಲು. ನಾ ಬಿಡಲಿಲ್ಲ. ಆಮ್ಯಾಲ ಒಡಪು ಹಾಕಿ ಹೇಳಿದ್ಲು ನೋಡ್ರಿ. ಹೊಳಿ ದಂಡಿ ಮ್ಯಾಲ ಈಚಲ ಬನ ಅಂತ. ನನಗ ನಗಿ ತಡೀಲಿಲ್ಲ. ಹೊಳಿ ದಂಡಿಮ್ಯಾಲ ಎಲ್ಲಿ ಈಚಲ ಬನ ಬೇ ತಂಗಿ, ಇಲ್ಲಿ ಬರೇ ಜಾಲಿ ಅದ ಅಂದೆ. ಅದು ತಪ್ಪಿ ಬಂದದ್ದಬೇ, ಹಂಗ ಉಳಕೊಂಡದ ಅಂದು ಆಕೀನೂ ನಕ್ಕಳು."

ಒಡಪಿನ ಕೊನೆಯವರೆಗೂ ಮುದುಕಿ ಹೇಳಿದಳು. ಅದರೊಳಗಿನ ಹೆಸರು ನನ್ನದೇ.

ಅವರು ಬಂದಿಲ್ಲ, ಬಂದಾರು, ಒಳಗೆ ಬಾ ಎಂದು ಹುಸೇನವ್ವ ಕರೆದಳಂತೆ. ಬಂದವಳು ಒಳಗೆ ಬರಲಿಲ್ಲ. ಕಟ್ಟೆಯ ಮೇಲೆ ಅಂಗೈಯಾಡಿಸಿ ನೋಡಿದಳು. ಸೆರಗು ಹಾರಿದ್ದನ್ನು ಹಿಡಿದುಕೊಂಡು, "ಗಾಳಿ ಬರತದ ಅಂತ ಹೇಳಿದ್ರು, ಖರೇನ ಅದ" ಎಂದಳು. ನೀರು ಕೊಡಲೆಂದು ಮುದುಕಿ ಒಳಗೆ ಹೋಗಿ ತಂಬಿಗೆ ತರುವಷ್ಟರಲ್ಲಿ ಹೊರಗೆ ಯಾರೂ ಇರಲಿಲ್ಲ. ಊರ ಯಾರದೋ ಮನೆಗೆ ಬಂದವಳಿರಬೇಕು, ಅಲ್ಲಿಗೆ ಹೋದಳೆಂದು ಅವಳು ತಿಳಿದುಕೊಂಡಳು.

"ಯಾವತ್ತು ಅದು, ನೆನಪದೇನವ್ವಾ?" ಎಂದು ಕೇಳಿದೆ.

"ಮರುದಿನ ಮುಂಜಾನಿ ಸೈಕಲ್ ಮ್ಯಾಲ ಒಬ್ಬಾವ ನಿಮ್ಮನ್ನ ಕೇಳಿಕೋಂತ ಬಂದಿದ್ದಲ್ರೀ. ಅದರ ಹಿಂದಿನ ಸಂಜಿ. ಇಬ್ಬರು ಕೇಳಿದ್ರು, ನೀವು ಮಾತ್ರ ಬರಲಿಲ್ಲ. ಅದಕ್ಕ ನೆನಪುಳೀತು."

ಆ ಸಂಜೆಯೇ ರಾಯಚೂರಿನಲ್ಲಿ ಶರಣಮ್ಮನ ಪ್ರಾಣ ಹೋದದ್ದು. ನಾನು ಅದನ್ನು ಮುದುಕಿಗೆ ಹೇಳಿದೆ. ಹೊಚ್ಚಿಕೊಳ್ಳಲು ಕೇಳಬೇಡ ಎಂದವಳು ಎದ್ದು ಹೋಗಿ ತನ್ನ ಕೌದಿಯನ್ನೇ ತಂದು ನನ್ನ ಬಗಲಿಗಿಟ್ಟಳು. ಆಮೇಲೆ ಒಂದು ಮಾತು ನೆನಪು ಮಾಡಿಕೊಂಡಳು.

"ನಾ ನೀರು ತರಾಕ ಒಳಗ ಹ್ವಾದಾಗ ಹೊರಗಿಂದ ಅಂದ್ಲು. ಅವರು ಬಂದ್ರ ಹೇಳಬೇ, ಇಲ್ಲೇ ಛಲೋ ಅದ ಅಂತ. ಇಲ್ಲೇ ಅಂದ್ಲೋ ಅಲ್ಲೇ ಅಂದ್ಲೋ, ಗಾಳ್ಯಾಗ ಸಮಾ ಕೇಳಸಲಿಲ್ಲ ಯಪ್ಪಾ. ಸುಳ್ಳು ಯಾಕ ಹೇಳಲಿ."

ಅಂದು ಕಟ್ಟೆಯ ಮೇಲೆ ಮಲಗಿದೆ. ನಿಜಕ್ಕೂ ಗಾಳಿ ಚೆನ್ನಾಗಿತ್ತು. ನನಗೆ ಏನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. ಕಾಣಿಸಲಿ ಎಂದು ಆಸೆಪಟ್ಟದ್ದು ನಿಜ. ವರ್ಷದ ಮೇಲೆ ಅಂದು ಮೊದಲ ಸಲ ಅತ್ತೆ. ಬೆಳಗ್ಗೆ ಎದ್ದಾಗ ಮುದುಕಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಿದ್ದೆ ಬಂತೇ ಎಂದು ಕೇಳಿದಳು. ಬಂತೆಂದೆ. ಮಗ ಹರಗೋಲನ್ನು ತಲೆಯ ಮೇಲೆ ಹೊತ್ತು ನೀರಿಗೆ ಇಳಿಸುತ್ತಿದ್ದ.

ರಾಯಚೂರಿಗೆ ಬಂದವನು ನೇರವಾಗಿ ಅಮರಪ್ಪನ ಕೋಣೆಗೆ ಹೋದೆ. ಅವನು ಅಲ್ಲಿ ಕಾದಿದ್ದಾಗ ಮುದುಕಿಗೆ ಆ ಒಡಪನ್ನು ಹೇಳಿದ್ದನೇ ಎಂದು ಕೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಯಾವ ಒಡಪು ಮಾಮಾ? ಅಕ್ಕನ ಮದವ್ಯಾಗ ಬೀಗರ ಎತ್ತಿಗೆ ಮೇವು ಹಾಕಾಕ ನನ್ನ ಹಿತ್ತಲಕ್ಕ ಅಟ್ಟಿದ್ರು. ಒಡಪು ಹೇಳೂ ಹೊತ್ತಿನ್ಯಾಗ ನಾ ಅಲ್ಲಿ ಇದ್ದಿಲ್ಲ. ಮುದುಕಿಗೆ ನಿಮ್ಮ ಹೆಸರು ಹೇಳಿ ಕೇಳೀನಿ, ಅಷ್ಟ." ನಾನು ನಡೆದದ್ದನ್ನು ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಕುಳಿತ. ಆ ಕಡೆಗೇ ನೋಡುತ್ತ, "ನಾನೂ ಆ ಕಟ್ಟಿಮ್ಯಾಲ ಅರ್ಧ ದಿನ ಕುಂತಿದ್ದೆ. ಆಕಿ ಬಂದು ಹೋಗಿದ್ಲು ಅಂತ ನನಗ ಮುದುಕಿ ಹೇಳಲಿಲ್ಲ ನೋಡ್ರಿ" ಎಂದ. ಆ ದಿನದಿಂದ ನಾವಿಬ್ಬರೂ ಮತ್ತೆ ಮಾತಾಡತೊಡಗಿದೆವು. ಅವನು ಮದುವೆಯಾದಾಗ ಅವನ ಕಡೆಯ ಹಿರಿಯನಾಗಿ ನಿಂತವನು ನಾನೇ.

ಇದಕ್ಕೆ ಕಾರಣ ಹುಡುಕದೆ ಇದ್ದವನಲ್ಲ ನಾನು. ಅಮರಪ್ಪ ಆ ಒಡಪನ್ನು ಅಕ್ಕನ ಬಾಯಿಂದ ಎಂದೋ ಕೇಳಿ, ಮುದುಕಿಯ ಮುಂದೆ ಆಡಿ, ಮರೆತಿರಬಹುದು. ಮುದುಕಿ ಅವನಿಗೆ ಏಕೆ ಹೇಳಲಿಲ್ಲ ಎಂಬುದೂ ಒಂದು ಪ್ರಶ್ನೆ. ಎರಡು ತಿಂಗಳ ಮೇಲೆ ಹೋಗಿ ಅವಳನ್ನು ಅದನ್ನೇ ಕೇಳಿದೆ. "ಗಂಡನ್ನ ಹುಡಿಕ್ಯಾಡೂ ಹೆಣಮಗಳ ಸುದ್ದಿ ಗುರುತಿಲ್ಲದ ಗಂಡಸಿನ ಮುಂದ ಹೇಳತಾರೇನ್ರಿ?" ಎಂದಳು. ಅವಳು ಕಥೆ ಕಟ್ಟಿದಳೆಂದರೂ, ಮಲ್ಲಿಗೆಯ ಬದಲು ಈಚಲು ಎಂಬ ಆ ತಪ್ಪು ಅವಳಿಗೆ ಸಿಕ್ಕಿದ್ದೆಲ್ಲಿಂದ? ಅದು ದೇವದುರ್ಗದ ಒಂದು ಮನೆಯ ಬಾಗಿಲಲ್ಲಿ ಒಬ್ಬ ಹುಡುಗಿಯ ನಾಲಿಗೆ ತೊಡರಿದ್ದು. ಇನ್ನೊಬ್ಬರಿಗೆ ಹೇಗೆ ಬಂದೀತು? ಹೀಗೆ ಯೋಚಿಸುತ್ತ ಹೋಗಿ, ಪ್ರತಿ ಸಲವೂ ಇಲ್ಲಿಗೇ ಬಂದು ನಿಲ್ಲುತ್ತೇನೆ.

ಅದಕ್ಕಿಂತ ಹೆಚ್ಚಾಗಿ ಕಾಡುವುದು ಆ ಕೊನೆಯ ಮಾತು. "ಇಲ್ಲೇ ಛಲೋ ಅದ" ಎಂದಿದ್ದರೆ ಅದು ನಮ್ಮ ನಾಲ್ಕು ವರ್ಷದ ಜಗಳದಲ್ಲಿ ಅವಳು ಗೆದ್ದ ಮಾತು. ಬನದ ಮಂಚಕ್ಕಿಂತ ಹೊಳೆಯ ಕಟ್ಟೆಯೇ ಮೇಲೆಂದು. "ಅಲ್ಲೇ ಛಲೋ ಅದ" ಎಂದಿದ್ದರೆ ನಾನು ಬನದಲ್ಲಿ ಮಲಗಿದ್ದಲ್ಲೇ ಇರಲಿ, ಎಬ್ಬಿಸಬೇಡಿ ಎಂದಳೇ? ಅಥವಾ ತಾನು ಹೊರಟಿದ್ದ ಆ ಲೋಕದ ಮಾತೇ ಅದು? ಹುಸೇನವ್ವ ಇರುವವರೆಗೆ ನಾಲ್ಕಾರು ಸಲ ಕೇಳಿದೆ. ಅವಳು ಒಂದು ಸಲವೂ ನನ್ನ ಮನಸ್ಸಿಗೆ ಒಪ್ಪುವಂತೆ ಬದಲಿಸಿ ಹೇಳಲಿಲ್ಲ.

ಕೆಲಸ ಬಿಡುವವರೆಗೂ ತಿರುಗಾಟ ತಪ್ಪಲಿಲ್ಲ. ಬುತ್ತಿ ನಾನೇ ಕಟ್ಟಿಕೊಳ್ಳುತ್ತಿದ್ದೆ. ಮನೆಯಲ್ಲಿ ಕೇಳುವವರಿರಲಿಲ್ಲ. ಆದರೂ ಬೀಗ ಹಾಕುವ ಮುಂಚೆ ಹೊಸ್ತಿಲಲ್ಲಿ ನಿಂತು, ಇವತ್ತು ವಸ್ತಿ ಇಂಥಲ್ಲಿ ಎಂದು ಒಳಗೆ ನೋಡಿ ಹೇಳಿಯೇ ಹೊರಡುತ್ತಿದ್ದೆ. ಎಷ್ಟು ದೂರವಾಗಲಿ, ಎಷ್ಟು ಸೋತಿರಲಿ, ಹೇಳಿದಲ್ಲಿಗೇ ಹೋಗಿ ಮಲಗುತ್ತಿದ್ದೆ.